ಹಟ್ಟಿಯ ಬೂದಿ: ಬಳ್ಳಾರಿಯಿಂದ ಬೂದಿಹಾಳದವರೆಗೆ ಐದು ದಿನ

ಮೊದಲ ದಿನ: ಕುಡತಿನಿ

ನನ್ನ ಅಜ್ಜ ಕುರಿ ಕಾದವರು. ವರ್ಷದಲ್ಲಿ ಎಂಟು ತಿಂಗಳು ಮನೆಯಲ್ಲಿ ಇರುತ್ತಲೇ ಇರಲಿಲ್ಲ ಅಂತ ಅತ್ತೆ ಹೇಳುತ್ತಾರೆ. ಚಿತ್ರದುರ್ಗದ ಬಯಲಿನಿಂದ ಹಿಂಡು ಹೊಡೆದುಕೊಂಡು ಹೊರಟರೆ ಭದ್ರಾ ಅಚ್ಚುಕಟ್ಟಿನ ಗದ್ದೆಗಳವರೆಗೂ ಹೋಗುತ್ತಿದ್ದರಂತೆ. ಮುಂಗಾರು ಬಿದ್ದ ಮೇಲೆ ವಾಪಸ್. ಒಂದು ವರ್ಷ ಇದ್ದಕ್ಕಿದ್ದ ಹಾಗೆ ಕುರಿ ಮಾರಿಬಿಟ್ಟರು. ಎರಡು ಎಕರೆ ಹೊಲ ಕೊಂಡರು. ಆಮೇಲೆ ಸಾಯುವವರೆಗೂ ಆ ಊರು ಬಿಡಲಿಲ್ಲ. ಯಾಕೆ ಅಂತ ಅಪ್ಪನನ್ನು ಕೇಳಿದರೆ ಒಂದೇ ಮಾತು, "ನಮ್ಮನ್ನ ಓದಿಸಬೇಕಿತ್ತಲ್ಲ."

ಆ ಉತ್ತರ ನನಗೆ ಯಾವತ್ತೂ ಸಾಕಾಗಲಿಲ್ಲ. ತಿರುಗಾಡುತ್ತಿದ್ದ ಮನುಷ್ಯ ಒಂದು ದಿನ ನಿಂತುಬಿಡುವುದು ಅಷ್ಟು ಸುಲಭವೇ? ಅಪ್ಪನ ಸ್ನೇಹಿತರೊಬ್ಬರಿದ್ದಾರೆ. ಹೈಸ್ಕೂಲಿನಲ್ಲಿ ಇತಿಹಾಸ ಹೇಳಿ ನಿವೃತ್ತರಾದವರು. ನಾವೆಲ್ಲ ಮೇಷ್ಟ್ರು ಅಂತಲೇ ಕರೆಯುತ್ತೇವೆ. ಅವರ ಹತ್ತಿರ ಹೀಗೇ ಮಾತಾಡುತ್ತಿದ್ದಾಗ, "ಈ ಪ್ರಶ್ನೆ ನಿಮ್ಮಜ್ಜನದು ಮಾತ್ರ ಅಲ್ಲ ಕಣಯ್ಯ, ಐದು ಸಾವಿರ ವರ್ಷದ ಹಳೇದು. ಬಳ್ಳಾರಿ ಕಡೆ ಹೋಗೋಣ ನಡಿ" ಅಂದರು. ಜನವರಿಯಲ್ಲಿ ಅವರ ಕಾರಿನಲ್ಲೇ ಹೊರಟೆವು.

ಬಳ್ಳಾರಿಯಿಂದ ಹೊಸಪೇಟೆ ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋದರೆ ಕುಡತಿನಿ. ಅಲ್ಲಿ ಗುಡ್ಡಗಳ ಸಂದಿನಲ್ಲಿ ಒಂದು ಬೂದಿ ದಿಬ್ಬ ಇದೆ. ಬೂದಿಕಣಮ ಅಂತ ಅದರ ಹೆಸರು. ದೂರದಿಂದ ನೋಡಿದರೆ ಸುಮ್ನೆ ಒಂದು ಬೋಳು ದಿಬ್ಬ. ಹತ್ತಿರ ಹೋಗಿ ಕೂತು ನೋಡಬೇಕು. ಕೆಲವು ಕಡೆ ಮುಟ್ಟಿದರೆ ಉದುರುವ ಹಗುರ ಬೂದಿ. ಕೆಲವು ಕಡೆ ಕರಗಿ ಹೆಪ್ಪುಗಟ್ಟಿದ ಗಾಜಿನಂಥ ಗಟ್ಟಿ, ಮೈತುಂಬ ತೂತು. ಕುಲುಮೆಯ ಕಿಟ್ಟದ ಹಾಗೆ ಕಾಣುತ್ತದೆ.

1840ರ ದಶಕದಲ್ಲೇ ನ್ಯೂಬೋಲ್ಡ್ ಎಂಬ ಸೇನಾಧಿಕಾರಿ ಈ ಸೀಮೆಯ ಬೂದಿ ದಿಬ್ಬಗಳ ಬಗ್ಗೆ ಬರೆದಿದ್ದ. ಆಮೇಲೆ ಬಂದವರು ಒಬ್ಬೊಬ್ಬರು ಒಂದೊಂದು ಹೇಳಿದರು. ಜ್ವಾಲಾಮುಖಿ ಅಂದವರಿದ್ದಾರೆ. ಕಬ್ಬಿಣ ಕರಗಿಸಿದ ಜಾಗ ಅಂದವರಿದ್ದಾರೆ. ಜನರ ಬಾಯಲ್ಲಿ ಇವು ರಾಕ್ಷಸರ ಬೂದಿ. ಹಂಪಿ ಹತ್ತಿರದ ನಿಂಬಾಪುರದಲ್ಲಿ ಇಂಥದ್ದೇ ಒಂದು ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗ ಅಂತ ಇವತ್ತಿಗೂ ತೋರಿಸುತ್ತಾರೆ. ಇದು ದನದ ದೊಡ್ಡಿ ಇದ್ದ ಜಾಗ ಇರಬೇಕು ಅಂತ ಸರಿಯಾಗಿ ಊಹಿಸಿದವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1960ರಲ್ಲಿ ಝಾಯ್ನರ್ ಎಂಬ ವಿಜ್ಞಾನಿ ಮಾದರಿಗಳನ್ನು ಪರೀಕ್ಷೆ ಮಾಡಿ, ಇದು ಸುಟ್ಟ ಸಗಣಿಯೇ ಅಂತ ತೋರಿಸಿದರು.

ಸಗಣಿ! ಇಡೀ ದಿಬ್ಬ ಸಗಣಿ. ದನ ತಿಂದ ಹುಲ್ಲಿನಲ್ಲಿ ಸಿಲಿಕಾ ಇರುತ್ತದೆ. ರಾಶಿ ರಾಶಿ ಒಣ ಸಗಣಿಗೆ ಬೆಂಕಿ ಬಿದ್ದು ಕಾವು ಏರಿದಾಗ ಆ ಸಿಲಿಕಾ ಕರಗುತ್ತದೆ. ಆರಿದ ಮೇಲೆ ಹೀಗೆ ಗಾಜಾಗುತ್ತದೆ. ಒಂದು ಸಲ ಸುಟ್ಟರೆ ಇಷ್ಟು ದಿಬ್ಬ ಆಗುವುದಿಲ್ಲ. ವರ್ಷಗಟ್ಟಲೆ ದನ ಕಟ್ಟಬೇಕು, ಸಗಣಿ ಸೇರಬೇಕು, ಸುಡಬೇಕು. ಮತ್ತೆ ಅದೇ ಜಾಗದಲ್ಲಿ ಕಟ್ಟಬೇಕು.

"ನೋಡು, ಇವರು ವಾಪಸ್ ಬರ್ತಿದ್ರು" ಅಂದರು ಮೇಷ್ಟ್ರು. ದಿಬ್ಬದ ಮೇಲೆ ನಿಂತರೆ ಆ ಕಡೆ ವಿದ್ಯುತ್ ಸ್ಥಾವರದ ಚಿಮಣಿಗಳು ಕಾಣುತ್ತವೆ. ಲಾರಿಗಳ ಸದ್ದು ಒಂದು ನಿಮಿಷವೂ ನಿಲ್ಲುವುದಿಲ್ಲ. ನಾವು ಸಂಜೆಯವರೆಗೆ ಅಲ್ಲೇ ಇದ್ದೆವು.

ಎರಡನೇ ದಿನ: ಸಂಗನಕಲ್ಲು, ಕುಪ್ಪಗಲ್ಲು

ಬೆಳಿಗ್ಗೆ ಬಳ್ಳಾರಿಯ ವಸ್ತುಸಂಗ್ರಹಾಲಯ ನೋಡಿದೆವು. ಬ್ರೂಸ್ ಫೂಟ್ ಹೆಸರಿನದು. ಸಂಗನಕಲ್ಲಿಗೆ ಹೋಗುವವರು ಮೊದಲು ಇಲ್ಲಿಗೆ ಬರುವುದು ಒಳ್ಳೆಯದು. ಇಲ್ಲದಿದ್ದರೆ ಗುಡ್ಡದ ಮೇಲೆ ಕಾಲಿಗೆ ತಗಲುವ ಕಲ್ಲು ಬರೀ ಕಲ್ಲಾಗಿಯೇ ಕಾಣುತ್ತದೆ.

ಸಂಗನಕಲ್ಲು ಊರಿಗೆ ಹತ್ತಿರ. ಹಿರೇಗುಡ್ಡ, ಸಣ್ಣರಾಚಮ್ಮ ಗುಡ್ಡ, ಚೌಡಮ್ಮನ ಗುಡ್ಡ ಅಂತ ಬಂಡೆಗಳ ಸಾಲು. ಗುಂಡು ಗುಂಡು ಕಣಶಿಲೆಯ ಮಧ್ಯೆ ಒಂದು ಕಪ್ಪು ಗೆರೆ ಹಾದುಹೋಗಿದೆ. ಅದು ಡಾಲೆರೈಟ್ ಕಲ್ಲು. ಆ ಕಲ್ಲಿಗಾಗಿಯೇ ಇಲ್ಲಿ ಕೊಡಲಿ ಮಾಡುವ ದೊಡ್ಡ ಕೆಲಸ ನಡೆಯುತ್ತಿತ್ತು. ಕ್ರಿಸ್ತಪೂರ್ವ 1500ರ ಆಸುಪಾಸಿನ ಮಾತು. ಹಿರೇಗುಡ್ಡ ಹತ್ತುವಾಗ ಕಾಲಡಿಯಲ್ಲಿ ಕಪ್ಪು ಚಕ್ಕೆಗಳು ಸರಬರ ಅನ್ನುತ್ತವೆ. ಎಷ್ಟೋ ತಲೆಮಾರು ಕೂತು ಕೆತ್ತಿದ ಚಕ್ಕೆಗಳು. ಬಂಡೆಗಳ ಮೇಲೆ ಕೊಡಲಿ ಉಜ್ಜಿ ಉಜ್ಜಿ ಆದ ತಗ್ಗುಗಳಿವೆ. ಒಂದರಲ್ಲಿ ಬೆರಳಿಟ್ಟು ಎಳೆದೆ. ಕನ್ನಡಿಯಷ್ಟು ನುಣುಪು.

ಕುಪ್ಪಗಲ್ಲಿನ ಕಡೆ ಬಂಡೆಗಳ ಮೇಲೆ ದನಗಳ ಚಿತ್ರ ಕುಟ್ಟಿದ್ದಾರೆ. ಉದ್ದ ಕೊಂಬು, ಎತ್ತರದ ಹಿಣಿಲು. ಒಂದರ ಮೇಲೊಂದು, ಹಿಂಡು ಹಿಂಡು. ಅಲ್ಲೇ ಆಡು ಬಿಟ್ಟುಕೊಂಡಿದ್ದ ಒಬ್ಬ ಹುಡುಗ, "ಇದ್ರ ಸಪ್ಪಳ ಕೇಳ್ರಿ" ಅಂತ ಒಂದು ಕಪ್ಪು ಬಂಡೆಗೆ ಸಣ್ಣ ಕಲ್ಲಿನಿಂದ ಮೆಲ್ಲಗೆ ತಟ್ಟಿದ. ಟಣ್ ಅಂತು. ಕಂಚಿನ ಗಂಟೆಯದೇ ಸದ್ದು. ಮೈ ಜುಂ ಅಂತು ನನಗೆ. ಇಂಥ ಬಂಡೆಗಳನ್ನು ಆಗಿನ ಜನ ಬೇಕೆಂದೇ ಬಾರಿಸುತ್ತಿದ್ದರು ಅನ್ನುವುದಕ್ಕೆ ಬಂಡೆ ಮೇಲಿನ ತಗ್ಗುಗಳೇ ಸಾಕ್ಷಿ. ಯಾವುದಕ್ಕೆ ಬಾರಿಸುತ್ತಿದ್ದರು? ನನಗಂತೂ ಅನಿಸುವುದು ಇಷ್ಟು: ಆ ಸದ್ದು ಕೇಳಿದವರಿಗೆ ತಮ್ಮ ಗುಡ್ಡ ಯಾವುದು ಅಂತ ಗೊತ್ತಾಗುತ್ತಿತ್ತು.

ಸಣ್ಣರಾಚಮ್ಮ ಗುಡ್ಡವೇ ನನಗೆ ಮುಖ್ಯ. ಇಲ್ಲಿ 1940ರ ದಶಕದಲ್ಲಿ ಸುಬ್ಬರಾವ್ ಅಗೆದರು. 1960ರ ದಶಕದಲ್ಲಿ ಮತ್ತೆ ಅಗೆತ ಆಯಿತು. ಆಮೇಲೆ ರವಿ ಕೋರಿಶೆಟ್ಟರ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ಕೆಲಸ ಮಾಡಿದರು. ಕೆಳಗಿನ ಪದರದಲ್ಲಿ ಬೂದಿ ಸಿಕ್ಕಿತು. ದನ ಕಟ್ಟಿದ ಜಾಗ. ಅದರ ಮೇಲಿನ ಪದರಗಳಲ್ಲಿ ಜನ ವಾಸ ಇದ್ದ ಊರು. ಇದನ್ನು ಕೇಳಿ ನಾನು ಸುಮಾರು ಹೊತ್ತು ಮಾತೇ ಆಡಲಿಲ್ಲ. ಮೊದಲು ದನ ಬಂದು ಮಲಗಿದ ಜಾಗವೇ ಆಮೇಲೆ ಊರಾಗಿದೆ.

ಆ ಜನ ಏನು ತಿನ್ನುತ್ತಿದ್ದರು ಅನ್ನುವುದೂ ಗೊತ್ತಿದೆ. ಮಣ್ಣನ್ನು ನೀರಿನಲ್ಲಿ ಕಲಕಿ, ತೇಲುವ ಸುಟ್ಟ ಕಾಳುಗಳನ್ನು ಸೋಸಿ ತೆಗೆದು ನೋಡಿದ್ದಾರೆ. ಕೊರಲೆ, ಹುರುಳಿ, ಹೆಸರು. ಎಲ್ಲ ಮಳೆಗಾಲದಲ್ಲಿ ಬೆಳೆಯುವಂಥವು. ಗೋಧಿ, ಬಾರ್ಲಿ ಆಮೇಲೆ ಹೊರಗಿನಿಂದ ಬಂದವು. ಕೊರಲೆ ಬಿತ್ತಿದವನು ತೆನೆ ಬಲಿಯುವ ತನಕ ಹತ್ತಿರದಲ್ಲೇ ಇರಬೇಕು, ಅಲ್ವಾ? ಹಕ್ಕಿ ಓಡಿಸಬೇಕು. ಕೊಯ್ದ ಮೇಲೆ ಮಾತ್ರ ಕಾಲು ಬಿಡುವು. ಅಂದರೆ ಮಳೆಗಾಲಕ್ಕೆ ಮನೆ, ಬೇಸಿಗೆಗೆ ದಾರಿ. ನನ್ನಜ್ಜನ ವರ್ಷವೂ ಹೀಗೇ ಇತ್ತು.

ಗುಡ್ಡದ ಮೇಲೆ ಹಾಗೇ ಬಿದ್ದಿರುವ ಅರೆಯುವ ಕಲ್ಲುಗಳನ್ನು ನೋಡಿ. ಮಧ್ಯ ತಗ್ಗಾಗಿ ದೋಣಿಯ ಹಾಗಾಗಿವೆ. ಒಂದನ್ನು ಇಬ್ಬರೂ ಸೇರಿ ಅಲುಗಾಡಿಸಲು ನೋಡಿದೆವು. ಆಗಲಿಲ್ಲ. ಇದನ್ನು ಹೊತ್ತುಕೊಂಡು ಯಾರೂ ದನದ ಹಿಂದೆ ಹೋಗುವುದಿಲ್ಲ. ಆ ಹೊತ್ತಿಂದ ಪ್ರತಿ ಜಾಗದಲ್ಲೂ ನಾನು ಒಂದೇ ವಿಷಯ ಹುಡುಕತೊಡಗಿದೆ. ಹೊರಡುವಾಗ ಹೊತ್ತೊಯ್ಯಲಾಗದೆ ಇವರು ಏನನ್ನು ಬಿಟ್ಟುಹೋಗುತ್ತಿದ್ದರು?

ಈ ಗುಡ್ಡಗಳ ಸುತ್ತ ಕಲ್ಲು ಗಣಿಗಾರಿಕೆ ನಡೆದಿದೆ. ಕೆಲವು ಕಡೆ ಗುಡ್ಡದ ಮಗ್ಗುಲೇ ಇಲ್ಲ. ಚಿತ್ರವಿದ್ದ ಬಂಡೆ, ಸದ್ದು ಮಾಡುವ ಬಂಡೆ ಒಂದು ಸಲ ಒಡೆದರೆ ಮತ್ತೆ ಬರುವುದಿಲ್ಲ. ನೆನೆದರೆ ಹೊಟ್ಟೆ ಉರಿಯುತ್ತದೆ. ಬಯಲಿನ ಬೂದಿ ದಿಬ್ಬಗಳ ಗತಿಯೂ ಅಷ್ಟೇ. ಎಷ್ಟೋ ದಿಬ್ಬಗಳನ್ನು ಹೊಲಕ್ಕೆ ಗೊಬ್ಬರ ಅಂತ ಗಾಡಿಯಲ್ಲಿ ಹೊಡೆದಿದ್ದಾರೆ. ರೈತರನ್ನು ಬಯ್ಯಲು ನನಗೆ ಮನಸ್ಸಿಲ್ಲ. ಇದು ಏನು ಅಂತ ಅವರಿಗೆ ಹೇಳಿದವರು ಯಾರು?

ಮೂರನೇ ದಿನ: ತೆಕ್ಕಲಕೋಟೆ, ಮತ್ತು ಒಂದು ಗದ್ದೆ

ಸಿರುಗುಪ್ಪ ರಸ್ತೆಯಲ್ಲಿ 40 ಚಿಲ್ಲರೆ ಕಿಲೋಮೀಟರಿಗೆ ತೆಕ್ಕಲಕೋಟೆ. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಇಲ್ಲಿನ ಗುಡ್ಡದಲ್ಲಿ ಅಗೆತ ಮಾಡಿದರು. ಬಂಡೆಗಳ ನಡುವಿನ ಸಣ್ಣ ಸಣ್ಣ ಮಟ್ಟಸ ಜಾಗಗಳಲ್ಲಿ ದುಂಡನೆ ಗುಡಿಸಲು ಹಾಕಿಕೊಂಡು ಜನ ಇದ್ದರು. ಬಿಸಿಲಲ್ಲಿ ಹತ್ತುವಾಗ ಇಷ್ಟು ಎತ್ತರಕ್ಕೆ ಯಾಕೆ ಬಂದರು ಅನಿಸಿತು. ಮೇಲೆ ಹೋದ ಮೇಲೆ ಅನಿಸಲಿಲ್ಲ. ಗಾಳಿ ಇದೆ, ಬಂಡೆ ಸಂದಿಯಲ್ಲಿ ನೆರಳಿದೆ, ದನ ಎಲ್ಲಿ ಮೇಯುತ್ತಿವೆ ಅಂತ ಸುತ್ತಲೂ ಕಾಣುತ್ತದೆ.

ಇಲ್ಲಿ ಮಕ್ಕಳನ್ನು ಮಡಕೆಯಲ್ಲಿಟ್ಟು ಹೂತಿದ್ದು ಸಿಕ್ಕಿದೆ ಅಂತ ಮೇಷ್ಟ್ರು ಹೇಳಿದರು. ನಾನು ಆಗ ಹೆಚ್ಚು ಕೇಳಲಿಲ್ಲ.

ಇಳಿದು ಸಿಂಧನೂರಿನ ಕಡೆ ಹೊರಟೆವು. ಎರಡೂ ಕಡೆ ತುಂಗಭದ್ರಾ ಕಾಲುವೆಯ ಗದ್ದೆಗಳು. ಭತ್ತ ಕೊಯ್ದು ಮುಗಿದಿತ್ತು. ಒಂದು ಗದ್ದೆಯಲ್ಲಿ ಕುರಿ ಹಿಂಡು ಕಂಡಿತು. ನಾನು ಕಾರು ನಿಲ್ಲಿಸಿ ಅಂದೆ. ಮೇಷ್ಟ್ರು ಆಗಲೇ ನಿಲ್ಲಿಸಿದ್ದರು.

ಮರಿಗಳನ್ನು ಬಲೆಯ ಬೇಲಿಯೊಳಗೆ ಬಿಟ್ಟಿದ್ದರು. ನಾಯಿ ಒಂದು ಸಲ ಬೊಗಳಿ ಸುಮ್ಮನಾಯಿತು. ಮೂರು ಕಲ್ಲಿನ ಒಲೆ. ಕಂಬಳಿ ಹೊದ್ದ ಒಬ್ಬ ಹಿರಿಯರು, ಒಬ್ಬ ಯುವಕ. ನಮ್ಮಜ್ಜನೂ ಕುರಿ ಕಾಯ್ತಿದ್ರು ಅಂದಕೂಡಲೇ ಹಿರಿಯರು ಕಂಬಳಿ ಹಾಸಿದರು.

"ಎಲ್ಲಿಂದ ಬಂದ್ರಿ ಯಜಮಾನ್ರೇ?" ಅಂದರು ಮೇಷ್ಟ್ರು.

"ನಮ್ದು ಕುಷ್ಟಗಿ ಕಡಿ ರೀ. ದೀಪಾವಳಿ ಮುಗಿಸ್ಕೊಂಡು ಹೊಂಟೀವಿ. ಮಳಿ ಹಿಡಿಯೂತನಾ ಈ ಕಡೀನ."

"ಪ್ರತಿ ವರ್ಷ ಇದೇ ಗದ್ದೆಗೇ ಬರ್ತೀರಾ?"

"ನಮ್ಮಪ್ಪನ ಕಾಲದಾಗಿಂದನೂ ಇದ ರೀ. ಈಗ ಹೊಲದವ್ರು ಫೋನ್ ಹಚ್ತಾರ, ಕೊಯ್ಲು ಆಗೈತಿ ಬಾ ಅಂತ."

ರಾತ್ರಿ ಕುರಿ ತರುಬಿದರೆ ಹೊಲಕ್ಕೆ ಹಿಕ್ಕೆ, ಗಂಜಲ ಬೀಳುತ್ತದೆ. ಅದಕ್ಕೆ ಹೊಲದವರು ದುಡ್ಡನ್ನೋ ಕಾಳನ್ನೋ ಕೊಡುತ್ತಾರೆ. ಗೊಬ್ಬರದ ಚೀಲ ಬಂದಮೇಲೂ ಈ ಲೆಕ್ಕ ಉಳಿದಿದೆ. ತಿರುಗುವವರಿಗೂ ನಿಂತವರಿಗೂ ಜಗಳ ಅಂತ ನಾವು ಓದಿರುತ್ತೇವೆ. ಜಗಳ ಇರುತ್ತದೆ, ಸುಳ್ಳಲ್ಲ. ಆದರೆ ಇಲ್ಲಿ ಒಬ್ಬರಿಗೊಬ್ಬರು ಬೇಕು. ಸಗಣಿ, ಹಿಕ್ಕೆ, ಕಾಳು, ಹುಲ್ಲು ಇವುಗಳ ಕೊಡುಕೊಳ್ಳುವಿಕೆ ಎಷ್ಟು ಹಳೆಯದೋ!

ಮೊಮ್ಮಕ್ಕಳ ಬಗ್ಗೆ ಕೇಳಿದೆ. "ಸಾಲ್ಯಾಗ ಅದಾವ್ರಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅವು ಇದಕ ಬರಾಂಗಿಲ್ಲ" ಅಂದರು. ಬೇಜಾರಿನಿಂದ ಅಂದರೋ ಸಮಾಧಾನದಿಂದ ಅಂದರೋ ನನಗೆ ತಿಳಿಯಲಿಲ್ಲ. ಯುವಕ ಮರಿಗೆ ಹಾಲು ಕುಡಿಸುತ್ತಾ ಫೋನು ನೋಡುತ್ತಿದ್ದ. ಸಾಮಾನು ಹೊರಲು ಕತ್ತೆ ಈಗ ಇಲ್ಲವಂತೆ. ಜಾಗ ಬದಲಿಸುವ ದಿನ ಟೆಂಪೋ ಕರೆಸುತ್ತಾರಂತೆ. ಕತ್ತಲಾಗುವವರೆಗೆ ಕೂತು ಎದ್ದೆವು.

ನಾಲ್ಕನೇ ದಿನ: ಮಸ್ಕಿ, ದಾರಿ

ಮಸ್ಕಿಯಲ್ಲಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಚಿನ್ನ ಹುಡುಕುತ್ತಾ ಬಂದ ಎಂಜಿನಿಯರ್ ಬೀಡನ್ 1915ರಲ್ಲಿ ಇಲ್ಲಿ ಅಶೋಕನ ಶಾಸನ ಕಂಡುಹಿಡಿದ. ಅಶೋಕ ಅನ್ನುವ ಹೆಸರೇ ಬರೆದಿರುವುದರಿಂದ ಅದಕ್ಕೆ ಅಷ್ಟು ಮರ್ಯಾದೆ. ಎಲ್ಲರೂ ಅದನ್ನು ನೋಡಿ ಹೋಗುತ್ತಾರೆ. ರಾಜನ ಮಾತು ಬಂಡೆ ಮೇಲೆ ಬರುವುದಕ್ಕೆ ಸಾವಿರ ವರ್ಷ ಮೊದಲೇ ಆ ಗುಡ್ಡದ ಬುಡದಲ್ಲಿ ಜನ ಮನೆ ಮಾಡಿದ್ದರು. 1954ರ ಅಗೆತದಲ್ಲಿ ಅದು ಗೊತ್ತಾಯಿತು.

ಲಿಂಗಸುಗೂರಿನ ಹತ್ತಿರ ಒಂದು ಫಲಕ ಕಂಡಿತು, ಹಟ್ಟಿ. ಚಿನ್ನದ ಗಣಿಯ ಊರು. ಆ ಎರಡು ಅಕ್ಷರ ನೋಡಿ ಮೇಷ್ಟ್ರಿಗೆ ಮಾತು ಬಂತು. ಮುಂದಿನ ಒಂದು ಗಂಟೆ ಕಾರಿನಲ್ಲಿ ಬರೀ ಅದೇ.

ಹಟ್ಟಿ ಅಂದರೆ ಏನು? ದನ ಕಟ್ಟುವ ಜಾಗ. ಕೆಲವು ಕಡೆ ಮನೆಗೇ ಹಟ್ಟಿ ಅನ್ನುತ್ತಾರೆ. ಇನ್ನು ಗೊಲ್ಲರಹಟ್ಟಿ ಅಂದರೆ ಇಡೀ ಊರು. ದೊಡ್ಡಿಯೂ ಹೀಗೇ. ದನ ಕೂಡುವ ದೊಡ್ಡಿ, ಹೆಸರಿನ ಕೊನೆಗೆ ದೊಡ್ಡಿ ಇರುವ ನೂರಾರು ಊರು. ನಮ್ಮ ಮಾತಿನಲ್ಲಿ ದನದ ಜಾಗಕ್ಕೂ ಮನುಷ್ಯರ ಜಾಗಕ್ಕೂ ಒಂದೇ ಹೆಸರು. ಸಣ್ಣರಾಚಮ್ಮ ಗುಡ್ಡದಲ್ಲಿ ಪದರದ ಮೇಲೆ ಪದರವಾಗಿ ಇರುವುದೇ ನಮ್ಮ ಮಾತಿನಲ್ಲೂ ಇದೆ. ಹಳಗನ್ನಡದಲ್ಲಿ ದನಕ್ಕೆ ತುರು ಅನ್ನುತ್ತಿದ್ದರು. ತುರುಗೋಳ್ ಅಂದರೆ ದನ ಹಿಡಿದೊಯ್ಯುವುದು. ಹಾಗೆ ದನ ಹಿಡಿಯಲು ಬಂದವರ ಜೊತೆ ಹೋರಾಡಿ ಸತ್ತವರಿಗೆ ಊರೂರಲ್ಲಿ ವೀರಗಲ್ಲು ನಿಲ್ಲಿಸಿದ್ದಾರೆ. 12ನೇ ಶತಮಾನದ ವಚನಕಾರರಲ್ಲಿ ದನ ಕಾಯುವ ರಾಮಣ್ಣನ ಹೆಸರು ತುರುಗಾಹಿ ರಾಮಣ್ಣ ಅಂತಲೇ ಉಳಿದಿದೆ.

ತಿಂಥಣಿಯ ಹತ್ತಿರ ಕೃಷ್ಣಾ ದಾಟಿದೆವು. ಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಸುರಪುರದಲ್ಲಿ ಉಳಿದೆವು.

ಐದನೇ ದಿನ: ಬೂದಿಹಾಳ, ಒಂದು ತಾಂಡಾ

ಬೂದಿಹಾಳ. ಊರಿನ ಹೆಸರಲ್ಲೇ ಬೂದಿ. 1990ರ ಆಸುಪಾಸಿನಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಇಲ್ಲಿ ಹಲವು ವರ್ಷ ಅಗೆದರು. ಅದಕ್ಕೆ ಮೊದಲು ಆಲ್ಚಿನ್ ಎಂಬ ವಿದ್ವಾಂಸರು 1957ರಲ್ಲಿ ಈಗ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬ ಅಗೆದಿದ್ದರು. ಅಲ್ಲಿ ಬೂದಿಯಲ್ಲಿ ದನದ ಗೊರಸಿನ ಗುರುತು ಹಾಗೇ ಉಳಿದಿತ್ತು. ಸುತ್ತ ಬೇಲಿಯ ಗೂಟಗಳ ಕುಳಿ. ಬೂದಿ ದಿಬ್ಬ ಅಂದರೆ ದನದ ದೊಡ್ಡಿ, ಹಬ್ಬದ ಹೊತ್ತಿಗೆ ಸಗಣಿ ಸುಡುತ್ತಿದ್ದಿರಬೇಕು ಅಂತ ಅವರು ಬರೆದರು. ಪದ್ದಯ್ಯನವರು ದಿಬ್ಬದ ಪಕ್ಕವನ್ನೂ ಅಗೆದು ನೋಡಿದರು. ಅಲ್ಲಿ ಮನೆಗಳಿದ್ದವು. ಕಲ್ಲಿನ ಅಲಗು ಮಾಡುವ ಜಾಗ ಇತ್ತು. ಮಾಂಸ ಕಡಿಯುವ ಜಾಗ ಬೇರೆ ಇತ್ತು. ಇದು ಬರೀ ದೊಡ್ಡಿ ಅಲ್ಲ, ದನದ ಜೊತೆ ಜನ ನೆಲೆಸಿದ್ದ ಊರು ಅಂದರು ಅವರು.

ವಿದ್ವಾಂಸರು ಇದರ ಬಗ್ಗೆ ವಾದ ಮಾಡಲಿ. ಎರಡು ದಿನದ ಹಿಂದೆ ಕಂಬಳಿ ಮೇಲೆ ಕೂತಿದ್ದ ನನಗೆ ಎರಡೂ ನಿಜ ಅನಿಸುತ್ತದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತಾ ಇದ್ದರೆ ಮನೆಯ ಒಬ್ಬರೋ ಇಬ್ಬರೋ ಅಲ್ಲೇ ಉಳಿಯುತ್ತಾರೆ. ಕಾಲು ನೋವಿನ ಮುದುಕಿ, ಬಸುರಿ, ಹಾಲು ಬಿಡದ ಮಗು. ಉಳಿದವರು ದನದ ಹಿಂದೆ ಹೋಗಿ ಅವರಿಗಾಗಿ ವಾಪಸ್ ಬರುತ್ತಾರೆ. ಊರು ಹುಟ್ಟಿದ ದಿನ ಅಂತ ಒಂದು ದಿನ ಇರಲಾರದು.

ಇಲ್ಲಿಯೂ ಮಕ್ಕಳನ್ನು ಮಡಕೆಯಲ್ಲಿಟ್ಟು ಮನೆಗಳ ನಡುವೆಯೇ ಹೂತಿದ್ದರು. ಮೇಷ್ಟ್ರು ಹೇಳುತ್ತಿದ್ದರು. ನಾನು ಹೊಲದ ಬದುವಿನ ಮೇಲೆ ಕೂತೆ. ಅತ್ತೆ ಒಂದು ಸಲ ಹೇಳಿದ್ದು ನೆನಪಾಯಿತು. ಅಪ್ಪನಿಗಿಂತ ಮೊದಲು ಒಂದು ಮಗು ಇತ್ತು, ದಾರಿಯಲ್ಲಿ ಹೋಯಿತು ಅಂತ. ನಾನು ಚಿಕ್ಕವನಿದ್ದೆ. ದಾರಿಯಲ್ಲಿ ಹೋಯಿತು ಅಂದರೆ ಕಳೆದುಹೋಯಿತು ಅಂದುಕೊಂಡಿದ್ದೆ.

ವಾಪಸ್ ಬರುವಾಗ ಒಂದು ತಾಂಡಾದಲ್ಲಿ ನೀರು ಕೇಳಿದೆವು. ಮುಕ್ಕಾಲು ಮನೆಗಳಿಗೆ ಬೀಗ. ಒಬ್ಬ ಅಜ್ಜಿ ತಂಬಿಗೆಯಲ್ಲಿ ನೀರು ಕೊಟ್ಟರು. ಮಂದಿ ಎಲ್ಲಿ ಅಂದರೆ, "ಕಬ್ಬು ಕಡಿಯಾಕ ಹೋಗ್ಯಾರ. ಮಹಾರಾಷ್ಟ್ರಕ್ಕ" ಅಂದರು.

ತಾಂಡಾ ಅಂದರೆ ಮೊದಲು ಊರಲ್ಲ, ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ಹೊರಟ ಸಾಲು. ದಖ್ಖನ್ನಿನ ಸೈನ್ಯಗಳಿಗೆಲ್ಲ ಕಾಳು ತಲುಪಿಸಿದವರು ಲಂಬಾಣಿಗಳು. ರೈಲು ಬಂತು, ಆ ವ್ಯಾಪಾರ ಹೋಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ಅಂತ ತಂದರು. ತಿರುಗಾಡುವ ಜನರಿಗೆ ಹುಟ್ಟಿನಿಂದಲೇ ಕಳ್ಳರು ಅನ್ನುವ ಹಣೆಪಟ್ಟಿ ಹಚ್ಚಿದರು. ಅದು ಹೋಗಿದ್ದು 1952ರಲ್ಲಿ. ಇವರು ನಿಂತದ್ದು ತಾವಾಗಿ ಅಲ್ಲ. ದಾರಿಯನ್ನೇ ಕಿತ್ತುಕೊಂಡು ನಿಲ್ಲಿಸಿದ್ದು. ನಿಂತ ಮೇಲೂ ನೆಲ ಅವರ ಹೆಸರಿಗಿರಲಿಲ್ಲ. ತಾಂಡಾಗಳು ಎಷ್ಟೋ ವರ್ಷ ಕಂದಾಯ ಗ್ರಾಮಗಳ ಪಟ್ಟಿಯಲ್ಲೇ ಇರಲಿಲ್ಲ. 2023ರ ಜನವರಿಯಲ್ಲಿ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಯಾದಗಿರಿ, ರಾಯಚೂರಿನ ತಾಂಡಾಗಳೂ ಅದರಲ್ಲಿದ್ದವು.

ಅಜ್ಜಿಗೆ ಹಕ್ಕುಪತ್ರದ ಬಗ್ಗೆ ಕೇಳಿದೆ. ಒಳಗೆ ಹೋಗಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಾಗದ ತಂದು ತೋರಿಸಿದರು. "ಮನಿ ನಮ್ದ ಆತು. ಮನ್ಯಾಗ ಇರಾಕ ಮಂದಿ ಬರಬೇಕಲ್ಲ" ಅಂದರು. ಯುಗಾದಿಗೆ ಬರುತ್ತಾರಂತೆ.

ರಾತ್ರಿ ಸುರಪುರದಿಂದ ಅತ್ತೆಗೆ ಫೋನ್ ಮಾಡಿದೆ. ಊಟ ಆಯ್ತಾ, ಚಳಿ ಇದೆಯಾ ಅಂತೆಲ್ಲ ಆದಮೇಲೆ ಕೇಳಿಯೇಬಿಟ್ಟೆ.

"ಅತ್ತೆ, ಅಜ್ಜಿಯ ಮೊದಲನೇ ಮಗೂನ ಎಲ್ಲಿ ಹೂತಿದ್ರು?"

ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಯಾಕೋ ಈಗ ಅದು?"

"ಸುಮ್ನೆ. ಹೇಳಿ."

"ಇನ್ನೆಲ್ಲಿ, ನಮ್ಮ ಹೊಲದಲ್ಲೇ. ಆಗ ಅದು ನಮ್ದಾಗಿರಲಿಲ್ಲ. ಮಂದೆ ಬಿಡೋಕೆ ಅಂತ ಇಳಿದಿದ್ರಂತೆ. ಮಾರನೇ ವರ್ಷ ಹೊರಡೋ ಹೊತ್ತಿಗೆ ಅವ್ವ ಅಲ್ಲಿಂದ ಏಳಲೇ ಇಲ್ಲ. ಆಮೇಲಲ್ವೇ ನಿಮ್ಮಜ್ಜ ಆ ಎರಡು ಎಕರೆ ಕೊಂಡಿದ್ದು. ಹುಣಸೇ ಮರದ ಪಕ್ಕ ಇತ್ತು. ಈಗ ಅಲ್ಲಿ ನಿಮ್ಮಪ್ಪ ಬೋರ್ ಹಾಕಿಸಿದಾನೆ ನೋಡು, ಅದೇ ಜಾಗ."